ಬಿಪಿಗೆ ಮೊದಲು ಯಾವುದು: ನಡಿಗೆಯಾ, ಉಪ್ಪು ಕಡಿಮೆ ಮಾಡುವುದಾ?

ಬಿಪಿ 140/90 ದಾಟಿದೆ, ಎರಡನ್ನೂ ಒಟ್ಟಿಗೆ ಶುರು ಮಾಡಲು ಕಷ್ಟ ಅನ್ನುವ ನಮ್ಮ ಕಾಸರಗೋಡಿನವರಿಗೆ ಇದು.

ನಡಿಗೆ ಅಂದರೆ ವಾರಕ್ಕೆ 150 ನಿಮಿಷ, ಸ್ವಲ್ಪ ಬಿರುಸಾಗಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿಪಿ ಇರುವವರಲ್ಲಿ ಮೇಲಿನ ಅಂಕಿ 5ರಿಂದ 8ರಷ್ಟು ಇಳಿಯಬಹುದು. ತೂಕ, ಸಕ್ಕರೆ, ನಿದ್ದೆಗೂ ಒಳ್ಳೆಯದು. ಆದರೆ ಜೂನ್‌ನಿಂದ ನಮ್ಮಲ್ಲಿ ಸುರಿಯುವ ಮಳೆ ಗೊತ್ತಲ್ವಾ? ಬಿಟ್ಟರೆ ಲಾಭವೂ ಕೆಲವೇ ವಾರಗಳಲ್ಲಿ ಕರಗುತ್ತದೆ.

ಉಪ್ಪು ಕಡಿಮೆ ಮಾಡಿದರೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಸಾಂಬಾರಿನ ಉಪ್ಪನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಗಂಜಿಯ ಬಟ್ಟಲನ್ನು ನೋಡಿ. ಮಿಡಿ ಉಪ್ಪಿನಕಾಯಿ ಹಿಸುಕಿದ ಕೂಡಲೇ ಕೆಂಪು ರಸ ತಿಳಿಯಲ್ಲಿ ಹರಡುತ್ತದೆ, ಕೊನೆಗೆ ಅದನ್ನೂ ಕುಡಿಯುತ್ತೇವೆ. ಪಕ್ಕದಲ್ಲಿ ಹಪ್ಪಳ, ಇಲ್ಲವೇ ಒಣಮೀನು. ಉಪ್ಪುಸೊಳೆಯನ್ನಾದರೂ (ಉಪ್ಪಲ್ಲಿ ಹಾಕಿಟ್ಟ ಹಲಸಿನ ತೊಳೆ) ಎರಡು ಮೂರು ನೀರಲ್ಲಿ ನೆನೆಸಿ ಹಿಂಡಬಹುದು.

ದಿನಾ ಗಂಜಿ, ಉಪ್ಪಿನಕಾಯಿ ಇರುವ ಮನೆಯಾದರೆ ಉಪ್ಪಿನಿಂದಲೇ ಶುರು ಮಾಡಿ ಅನ್ನುತ್ತೇನೆ. ಖರ್ಚಿಲ್ಲ, ಮಳೆಯ ಕಾಟವಿಲ್ಲ, ಮನೆಮಂದಿಗೆಲ್ಲ ಲಾಭ. ಊಟ ಮೊದಲೇ ಸಪ್ಪೆ, ಇಡೀ ದಿನ ಕೂತೇ ಕೆಲಸ ಅಂತಾದರೆ ನಡಿಗೆ ಮೊದಲು. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೂ ನಡೆದರೂ ಸಾಕು. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.