12 ವರ್ಷದ ಎಟಿವಿ: ಮುಂದಿನ ಸಸ್ಪೆನ್ಷನ್‌ನಲ್ಲಿ ಏನು ಬದಲಿಸಿದೆ, ಏನು ಬಿಟ್ಟೆ

ನನ್ನ ಎಟಿವಿಗೆ (ಕಚ್ಚಾ ದಾರಿಯಲ್ಲಿ ಓಡುವ, ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) 12 ವರ್ಷ. ಫೋರ್ ವೀಲ್ ಡ್ರೈವ್. ಮುಂದೆ ಒಂದೊಂದು ಬದಿಗೂ ಮೇಲೊಂದು, ಕೆಳಗೊಂದು ಎ ಆರ್ಮ್, ಅಂದರೆ ಚಕ್ರವನ್ನು ಚಾಸಿಗೆ ಸೇರಿಸುವ ಎ ಆಕಾರದ ತೋಳು. ಓಡಿದ ಗಂಟೆ ಎಣಿಸುವ ಅವರ್ ಮೀಟರ್ 1,400 ದಾಟಿದೆ. ಮುಂಭಾಗದ ಕೆಲಸ ಮುಗಿಸಿ ಎರಡೂವರೆ ವರ್ಷವಾಯ್ತು, ಅಷ್ಟರಲ್ಲಿ ಸುಮಾರು 400 ಗಂಟೆ ಓಡಿಸಿದ್ದೇನೆ. ಪಾರ್ಟ್ ಹಾಕಿದ ವಾರಕ್ಕೇ ‘ಸೂಪರ್’ ಅಂತ ಬರೆದವರನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ. ಹೊಸದರಲ್ಲಿ ಯಾವ ಪಾರ್ಟ್ ತಾನೆ ಚೆನ್ನಾಗಿರಲ್ಲ? ಅದಕ್ಕೇ ಇಷ್ಟು ದಿನ ಕಾದೆ.

ಶುರುವಾಗಿದ್ದು ಸದ್ದಿನಿಂದ. ಗುಂಡಿಗೆ ಇಳಿದಾಗಲೆಲ್ಲ ಎಡಗಡೆ ‘ಟಕ್’ ಅನ್ನುತ್ತಿತ್ತು. ಹ್ಯಾಂಡಲ್ ನೇರ ಹಿಡಿದರೂ ಗಾಡಿ ಅತ್ತಿತ್ತ ಎಳೆಯುತ್ತಿತ್ತು. ಕೇಳಿದವರೆಲ್ಲ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಕಣ್ಣಿಗೆ ಎದ್ದು ಕಾಣೋದು ಅದೇ ಅಲ್ವಾ, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಬೈಯುತ್ತಾರೆ. ನನ್ನ ಗಾಡಿಯಲ್ಲಿ ಆ ಸದ್ದಿಗೂ ಶಾಕಿಗೂ ಸಂಬಂಧವೇ ಇರಲಿಲ್ಲ.

ಮೊದಲು ಟೈರಿನ ಗಾಳಿ ನೋಡಿದೆ. ಎಟಿವಿ ಟೈರಿಗೆ ಬೇಕಾಗೋದು 5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು. ಕಾರಿನ ಗೇಜಿನಲ್ಲಿ ಅಷ್ಟು ಕಡಿಮೆ ಗಾಳಿ ಸರಿಯಾಗಿ ಗೊತ್ತಾಗಲ್ಲ, ಕಡಿಮೆ ಒತ್ತಡದ ಗೇಜೇ ಬೇಕು. ನನ್ನದರಲ್ಲಿ ಒಂದು ಟೈರಿನಲ್ಲಿ 3, ಇನ್ನೊಂದರಲ್ಲಿ 6 ಇತ್ತು. ಎರಡನ್ನೂ ಸಮ ಮಾಡಿದ ಮೇಲೆ ಎಳೆತ ಅರ್ಧಕ್ಕರ್ಧ ಹೋಯಿತು. ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಕೆಳಗೆ ಗಟ್ಟಿಯಾದ ಆಸರೆ ಕೊಟ್ಟೆ. ಎರಡೂ ಚಕ್ರ ನೆಲ ಬಿಟ್ಟಿರಬೇಕು. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿದೆ. ಆಟ (ಸಡಿಲಿಕೆ) ಇತ್ತು. ಅದು ಚಕ್ರ ತಿರುಗುವ ಬೇರಿಂಗಿನದೋ, ಎ ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟಿನದೋ? ತಮ್ಮನಿಗೆ ಮುಂದಿನ ಬ್ರೇಕ್ ಒತ್ತಿ ಹಿಡಿ ಅಂದೆ. ಬ್ರೇಕ್ ಹಿಡಿದಾಗ ಆಟ ನಿಂತರೆ ಬೇರಿಂಗ್. ಹಿಡಿದರೂ ಹಾಗೇ ಇದ್ದರೆ ಜಾಯಿಂಟು, ಇಲ್ಲವೇ ಎ ಆರ್ಮ್ ಚಾಸಿಗೆ ಸೇರುವ ತುದಿಯಲ್ಲಿರುವ ಬುಶ್. ಬಲಗಡೆ ನಿಂತಿತು, ಎಡಗಡೆ ನಿಲ್ಲಲಿಲ್ಲ. ಕೈಯನ್ನು ಅಕ್ಕಪಕ್ಕಕ್ಕೆ ಇಟ್ಟು ಅಲುಗಾಡಿಸಿದರೆ ಟೈ ರಾಡ್ ಎಂಡ್‌ಗಳ (ಹ್ಯಾಂಡಲ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಕೀಲುಗಳು) ಕಥೆ ಗೊತ್ತಾಗುತ್ತದೆ. ಒಬ್ಬರು ಚಕ್ರ ಅಲುಗಾಡಿಸುವಾಗ ಇನ್ನೊಬ್ಬರು ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಸಣ್ಣ ‘ಟಿಕ್’ ಬೆರಳಿಗೆ ಸಿಗುತ್ತದೆ. ಸುಮಾರು ಒಂದು ಗಂಟೆಯ ಕೆಲಸ. ಈ ಒಂದು ಗಂಟೆ ಕೂರದೆ ಪಾರ್ಟ್ ತರಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಆ ಗಂಟೆ ಕೂತಿದ್ದೂ ನಾನು ಆಸೆಗೆ ಬಿದ್ದೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬುಶ್, ಬೇರಿಂಗ್ ಎಲ್ಲವೂ ಇರುವ ಒಂದು ಅಗ್ಗದ ಕಿಟ್ ತರಿಸಿಬಿಟ್ಟೆ. ಕೆಳಗಿನ ವಿಮರ್ಶೆಯಲ್ಲಿ ಬಹುಪಾಲು ಅದರದ್ದೇ.

ಎಡಗಡೆ ಕೆಳಗಿನ ಎ ಆರ್ಮಿನ ಬೋಲ್ಟ್ ಬಿಚ್ಚಲು ಒಂದು ಸಂಜೆ ಹಿಡಿಯಿತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟಿದ್ದರೂ ಹಾಗೇ. ಹೊರಗೆ ಬಂದ ಬೋಲ್ಟಿನ ಮೇಲೆ ಉಗುರು ಎಳೆದೆ, ಮಧ್ಯದಲ್ಲಿ ಟಕ್ಕನೆ ಸಿಕ್ಕಿಕೊಂಡಿತು. ಅಲ್ಲಿ ಮೆಟ್ಟಿಲಿನ ಹಾಗೆ ಸವೆದಿತ್ತು. ಆಗ ಅರ್ಥವಾಯ್ತು. ಬುಶ್ಶಿನ ಒಳಗೆ ಒಂದು ಉಕ್ಕಿನ ಕೊಳವೆ ಇರುತ್ತದೆ. ಬೋಲ್ಟ್ ಬಿಗಿ ಮಾಡಿದರೆ ಕೊಳವೆ ಅಲುಗದೆ ನಿಲ್ಲಬೇಕು, ಬುಶ್ ಅದರ ಸುತ್ತ ತಿರುಗಬೇಕು. ನನ್ನದರಲ್ಲಿ ಗ್ರೀಸ್ ಒಣಗಿ, ತುಕ್ಕು ಹಿಡಿದು, ಕೊಳವೆ ಬುಶ್ಶಿಗೇ ಅಂಟಿಕೊಂಡಿತ್ತು. ಹಾಗಾಗಿ ಕೊಳವೆಯೇ ಬೋಲ್ಟಿನ ಮೇಲೆ ತಿರುಗಿ ತಿರುಗಿ ಬೋಲ್ಟ್ ತಿಂದಿತ್ತು. ‘ಟಕ್’ ಅನ್ನುತ್ತಿದ್ದದ್ದು ಇದೇ. ಇನ್ನಷ್ಟು ದಿನ ಓಡಿಸಿದ್ದರೆ ಚಾಸಿಯ ಬ್ರಾಕೆಟ್ಟಿನ ತೂತೇ ಮೊಟ್ಟೆಯಾಕಾರಕ್ಕೆ ಬರುತ್ತಿತ್ತು. ಅಲ್ಲಿಗೆ ಹೋದರೆ ವೆಲ್ಡಿಂಗ್ ಕೆಲಸ. ಬುಶ್ ಬದಲಿಸುವವರು ಬೋಲ್ಟನ್ನೂ ಕೊಳವೆಯನ್ನೂ ಹೊಸದು ಹಾಕಿ. ಕಿಟ್‌ನಲ್ಲಿ ಬೋಲ್ಟ್ ಇರಲಿಲ್ಲ, ಬೇರೆ ತರಿಸಿದೆ.

ಕಿಟ್‌ನ ಪಾಲಿಯುರೆಥೇನ್ ಬುಶ್‌ಗಳು, ನಿಜ ಹೇಳಬೇಕೆಂದರೆ, ಚೆನ್ನಾಗಿವೆ. 400 ಗಂಟೆಯಾದರೂ ಆಟ ಬಂದಿಲ್ಲ. ತಿರುವಿನಲ್ಲಿ ಗಾಡಿ ಹೇಳಿದ ಕಡೆ ಹೋಗುತ್ತದೆ. ಆದರೆ ಕಿರುಗುಟ್ಟುತ್ತವೆ. ನೀರಲ್ಲಿ ಇಳಿದು ಎದ್ದ ಮಾರನೇ ದಿನ ಹಳೇ ಬಾಗಿಲಿನ ಸದ್ದು. ಇವಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಆರ್ಮಿಗೆ ಹೊರಗಿನಿಂದಲೇ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಪುಣ್ಯ, ಇಲ್ಲದಿದ್ದರೆ ಬಿಚ್ಚಿಯೇ ಹಚ್ಚಬೇಕು. ಸದ್ದು ಸಹಿಸದವರು ಒರಿಜಿನಲ್ ಬುಶ್ಶೇ ಹಾಕಿಸಿ.

ಅದೇ ಕಿಟ್‌ನ ಬಾಲ್ ಜಾಯಿಂಟ್ ಮಾತ್ರ ಬೇಡವೇ ಬೇಡ. ಎಂಟನೇ ತಿಂಗಳಿಗೆ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಸೀಳಿತು. ಕೆಸರು ಒಳಗೆ ಹೋದ ಮೇಲೆ ಬಾಲ್ ಜಾಯಿಂಟ್ ಎಷ್ಟು ದಿನ ಬಾಳೀತು? ಹನ್ನೊಂದನೇ ತಿಂಗಳಿಗೆ ಮತ್ತೆ ಆಟ. ಒರಿಜಿನಲ್ ತರಿಸಿದೆ, ಬೆಲೆ ಸುಮಾರು ಮೂರು ಪಟ್ಟು. ಅದರ ಬೂಟ್ ಈಗಲೂ ಮೆತ್ತಗಿದೆ. ಬುಶ್ ಹೋದರೆ ಸದ್ದು ಬರುತ್ತದೆ, ಹೆಚ್ಚೆಂದರೆ ಬೋಲ್ಟೋ ಬ್ರಾಕೆಟ್ಟೋ ಸವೆಯುತ್ತದೆ. ಬಾಲ್ ಜಾಯಿಂಟೋ ಟೈ ರಾಡ್ ಎಂಡೋ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಹ್ಯಾಂಡಲ್ ಕೈಲಿದ್ದೂ ಪ್ರಯೋಜನ ಇಲ್ಲ. ಜುಗ್ಗತನ ಎಲ್ಲಿ ಮಾಡಬಹುದು, ಎಲ್ಲಿ ಮಾಡಬಾರದು ಅನ್ನುವ ಗೆರೆಯನ್ನು ನಾನು ಇಲ್ಲೇ ಎಳೆಯುತ್ತೇನೆ.

ಇನ್ನೊಂದು ವಿಷಯ. ಶಾಕ್ ಯಾವ ಆರ್ಮಿಗೆ ಕೂತಿದೆಯೋ ಭಾರವೆಲ್ಲ ಆ ಆರ್ಮಿನ ಜಾಯಿಂಟಿನ ಮೇಲೆ. ಅದು ಬೇಗ ಸವೆಯುತ್ತದೆ. ನನ್ನ ಗಾಡಿಯಲ್ಲಿ ಅದು ಮೇಲಿನದು. ಕೆಳಗಿನ ಎರಡಕ್ಕೂ ಏನೂ ಆಗಿರಲಿಲ್ಲ, ಕಂಪನಿಯಿಂದ ಬಂದವೇ ಇವತ್ತಿಗೂ ಓಡುತ್ತಿವೆ. ಕಿಟ್‌ನಲ್ಲಿದ್ದ ಆ ಎರಡು ಜಾಯಿಂಟುಗಳು ಶೆಡ್‌ನಲ್ಲಿ ಧೂಳು ತಿನ್ನುತ್ತಿವೆ. ಜಾಯಿಂಟ್ ಬಿಚ್ಚುವಾಗ ಸಂದಿಗೆ ಫೋರ್ಕಿನಂಥ ಕವಲಿನ ಸಾಧನ ತುರುಕಬೇಡಿ, ಒಳ್ಳೇ ಬೂಟೂ ಹರಿದುಹೋಗುತ್ತದೆ. ನಟ್ ಸಡಿಲಿಸಿ, ಕೆಲವು ಸುತ್ತು ಹಾಗೇ ಬಿಟ್ಟು, ನಕಲ್ಲಿನ (ಚಕ್ರ ಕೂರುವ ಲೋಹದ ಭಾಗ) ಪಕ್ಕಕ್ಕೆ ಸುತ್ತಿಗೆಯಲ್ಲಿ ಎರಡೇಟು ಕೊಟ್ಟರೆ ಬಿಡುತ್ತದೆ. ಮತ್ತೆ ಬಿಗಿಯುವಾಗ, ನಟ್ ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ನಿಗೆ ತೂತು ಸರಿಹೊಂದಲಿಲ್ಲ ಅಂತ ನಟ್ ಹಿಂದಕ್ಕೆ ತಿರುಗಿಸಬಾರದು. ಸ್ವಲ್ಪ ಮುಂದಕ್ಕೇ ಬಿಗಿ ಮಾಡಿ.

ಟೈ ರಾಡ್ ಎಂಡ್ ನಾಲ್ಕರಲ್ಲಿ ಹೊರಗಿನ ಎರಡು ಮಾತ್ರ ಲೂಸ್ ಇದ್ದವು, ಅವನ್ನಷ್ಟೇ ಹಾಕಿದೆ. ರಾಡಿನ ಒಂದು ತುದಿ ಎಡ ಥ್ರೆಡ್, ಅಂದರೆ ಉಲ್ಟಾ ತಿರುಗಿಸಿ ಬಿಚ್ಚಬೇಕು ಅನ್ನುವುದು ಗೊತ್ತಿಲ್ಲದೆ ಅರ್ಧ ಗಂಟೆ ಪಾನಾ ಹಿಡಿದು ಇನ್ನಷ್ಟು ಬಿಗಿ ಮಾಡುತ್ತಾ ಕೂತಿದ್ದೆ! ತಮ್ಮ ಇವತ್ತಿಗೂ ನಗುತ್ತಾನೆ. ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಿಟ್ಟುಕೊಳ್ಳಿ. ಆದರೂ ಕೊನೆಗೆ ಟೋ, ಅಂದರೆ ಎರಡು ಚಕ್ರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಎಷ್ಟು ಬೇರೆ ಅನ್ನುವುದನ್ನು ಅಳೆಯಲೇಬೇಕು. ಎರಡೂ ಟೈರಿನ ನಡುವಿಗೆ ಚಾಕ್ ಗುರುತು ಹಾಕಿ, ಆಕ್ಸಲ್ ಎತ್ತರದಲ್ಲಿ ಮುಂದೆ ಅಳೆಯಿರಿ. ಗಾಡಿ ತಳ್ಳಿ ಅದೇ ಗುರುತು ಹಿಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ವ್ಯತ್ಯಾಸ ಎಷ್ಟಿರಬೇಕು ಅನ್ನುವುದು ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ಇರುತ್ತದೆ.

ಬೇರಿಂಗ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಬಲಗಡೆಯದು ಒಂದೇ ಹಾಕಿದೆ, ಒಳ್ಳೇ ಬ್ರಾಂಡಿನದು. ಹೊಸದನ್ನು ನಕಲ್ಲಿಗೆ ಕೂರಿಸುವಾಗ ಹೊರಗಿನ ರಿಂಗಿನ ಮೇಲೆ ಮಾತ್ರ ಒತ್ತಬೇಕು. ಒಳಗಿನ ರಿಂಗ್ ಮೇಲೆ ಏಟು ಬಿದ್ದರೆ ಓಡುವ ಮೊದಲೇ ಹಾಳು. ಹಳೆಯದು ಹೋಗಿದ್ದು ನನ್ನಿಂದಲೇ ಅನ್ನಿಸುತ್ತದೆ, ಪ್ರೆಶರ್ ವಾಷರ್ ಹಿಡಿದು ನೇರ ಸೀಲಿಗೇ ನೀರು ಹೊಡೆಯುತ್ತಿದ್ದೆ.

ಶಾಕ್‌ಗಳನ್ನು ಆಗ ಮುಟ್ಟಲಿಲ್ಲ. ರಾಡಿನ ಮೇಲೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ, ತೊಟ್ಟಿಕ್ಕಿದರೆ ಮುಗಿಯಿತು. ಮುಂಭಾಗ ಒತ್ತಿ ಬಿಟ್ಟೆ, ಒಮ್ಮೆ ಎದ್ದು ಕೂತಿತು, ಅಂದರೆ ಶಾಕ್ ಸರಿಯಿದೆ. ಗಾಡಿ ಸ್ವಲ್ಪ ತಗ್ಗಿತ್ತು, ಸ್ಪ್ರಿಂಗಿನ ಕೆಳಗಿನ ರಿಂಗನ್ನು ಒಂದು ಮೆಟ್ಟಿಲು ಏರಿಸಿದೆ, ಸಾಕಾಯ್ತು. 14 ತಿಂಗಳಾದ ಮೇಲೆ ಎಡಗಡೆಯದು ತೊಟ್ಟಿಕ್ಕಲು ಶುರುವಾಯ್ತು. ಆಗ ಜೊತೆಯಾಗಿ ಎರಡನ್ನೂ ಬದಲಿಸಿದೆ. ಮಧ್ಯಮ ಬೆಲೆಯದು, ಬಿಚ್ಚಿ ರಿಪೇರಿ ಮಾಡಲು ಬರಲ್ಲ. ಮೊದಲ ತಿಂಗಳು ಗಡುಸಾಗಿತ್ತು, ಈಗ ಸರಿಯಾಗಿದೆ. ಎಣ್ಣೆ ಸೋರಿಲ್ಲ.

ಬುಶ್‌ಗಳಿಗೆ ಐದರಲ್ಲಿ ನಾಲ್ಕು, ಶಾಕ್‌ಗಳಿಗೂ ನಾಲ್ಕು, ಒರಿಜಿನಲ್ ಬಾಲ್ ಜಾಯಿಂಟಿಗೆ ಐದಕ್ಕೆ ಐದು. ಕಿಟ್‌ನ ಜಾಯಿಂಟಿಗೆ ಒಂದು, ಅದೂ ಜೊತೆಗೆ ಕೊಟ್ಟಿದ್ದ ಸರ್ಕ್ಲಿಪ್ (ಜಾಯಿಂಟನ್ನು ಜಾಗದಲ್ಲಿ ಹಿಡಿಯುವ ರಿಂಗ್) ಚೆನ್ನಾಗಿತ್ತು ಅಂತ.