ಕ್ರಿಸ್ಪಿ ಅನ್ನಬೇಕಾ, ಕ್ರಂಚಿ ಅನ್ನಬೇಕಾ?

ಎರಡಕ್ಕೂ ನಾವು ಸುಮ್ನೆ ಗರಿಗರಿ ಅಂದುಬಿಡುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲಿ ಸಣ್ಣ ವ್ಯತ್ಯಾಸವಿದೆ. ತೆಳ್ಳಗಿದ್ದು, ಹಲ್ಲು ತಾಗಿದ ಕೂಡಲೇ ಮುರಿದರೆ ಕ್ರಿಸ್ಪಿ. ಆಲೂಗಡ್ಡೆ ಚಿಪ್ಸ್ ಹಾಗೆ. ಬ್ರಿಟನ್ನಿನವರಂತೂ ಅದರ ಹೆಸರೇ ಕ್ರಿಸ್ಪ್ಸ್ ಅಂತ ಮಾಡಿಕೊಂಡಿದ್ದಾರೆ. ಹಸಿ ಕ್ಯಾರೆಟ್ ಕಚ್ಚಿ ನೋಡಿ. ಕಟುಂ ಅನ್ನುತ್ತದೆ, ಅಗಿಯುವಾಗಲೂ ಸದ್ದು ನಿಲ್ಲುವುದಿಲ್ಲ. ಅದು ಕ್ರಂಚಿ. ಕ್ರಿಸ್ಪಿಯ ಸದ್ದು ಸಣ್ಣದು, ಚುರುಕು; ಕ್ರಂಚಿಯದು ದಪ್ಪ.

ಸೇಬು ಮಾತ್ರ ಎರಡೂ ಕಡೆ ಕಾಲಿಡುತ್ತದೆ. ತಾಜಾ ಸೇಬಿಗೆ ಕ್ರಂಚಿ ಅನ್ನಬಹುದು, ಕ್ರಿಸ್ಪ್ ಅಂತಲೂ ಅನ್ನಬಹುದು. ಹಣ್ಣು, ಸೊಪ್ಪಿಗೆ ಕೊನೆಯ 'ಇ' ಇಲ್ಲದ ಕ್ರಿಸ್ಪ್ ಚೆನ್ನಾಗಿ ಒಪ್ಪುತ್ತದೆ. ಕರಿದದ್ದಕ್ಕೆ ನಾನು ಕ್ರಿಸ್ಪಿಯನ್ನೇ ಆರಿಸುತ್ತೇನೆ.

ಚ್ಯೂಯಿ, ಟಫ್ ವಿಷಯದಲ್ಲಿ ಹುಷಾರು. ಎರಡನ್ನೂ ಜಾಸ್ತಿ ಹೊತ್ತು ಅಗಿಯಬೇಕು. ಆದರೆ ಕುಕೀಗೆ ಚ್ಯೂಯಿ ಅಂದರೆ ಹೊಗಳಿಕೆ. ಮಾಂಸಕ್ಕೆ ಟಫ್ ಅಂದರೆ ದೂರು. ಊಟಕ್ಕೆ ಕರೆದವರ ಎದುರು ಅದು ಬಾಯಿಂದ ಬರದಿದ್ದರೇ ಒಳ್ಳೆಯದು.

ಕೇಕಿನಲ್ಲಿ ಹದವಾದ ತೇವವಿದ್ದರೆ ಮಾಯಿಸ್ಟ್. ಅದೇ ಚಿಪ್ಸ್ ನೆನೆದು ಮೆತ್ತಗಾದರೆ ಸಾಗಿ (soggy). ಈ ಪದಕ್ಕೆ ಒಳ್ಳೆಯ ಅರ್ಥವೇ ಇಲ್ಲ.