ಬ್ರೀಡರ್, ಶೆಲ್ಟರ್, ರೆಸ್ಕ್ಯೂ: ಮೂರೂ ಕಡೆಯಿಂದ ನಾಯಿ ತಂದ ಮೇಲೆ ನಂಗೆ ಅನ್ಸಿದ್ದು

ನಮ್ಮನೇಲಿ 15 ವರ್ಷದಲ್ಲಿ ಮೂರು ನಾಯಿ ಸಾಕಿದೀವಿ. ಗುಂಡ ಬ್ರೀಡರ್ (ಮರಿ ಹಾಕ್ಸಿ ಮಾರೋರು) ಹತ್ರದಿಂದ ಬಂದೋನು, ಮಸಿ ದಿಕ್ಕಿಲ್ಲದ ನಾಯಿಗಳನ್ನ ಇಟ್ಕೊಳ್ಳೋ ಶೆಲ್ಟರ್‌ನಿಂದ ಬಂದೋಳು, ಭೀಮ ಒಂದು ರೆಸ್ಕ್ಯೂ ಗುಂಪಿನ (ಕಷ್ಟದಲ್ಲಿರೋ ನಾಯಿಗಳನ್ನ ಕಾಪಾಡಿ ಮನೆ ಹುಡುಕಿ ಕೊಡೋರು) ಫಾಸ್ಟರ್ ಮನೆಯಿಂದ, ಅಂದ್ರೆ ಕಾಯಂ ಮನೆ ಸಿಗೋ ತನಕ ನಾಯಿನ ಇಟ್ಕೊಂಡು ಸಾಕೋರ ಮನೆಯಿಂದ, ಬಂದೋನು. ಮೂರೂ ದಾರಿ ನೋಡಿರೋದ್ರಿಂದ ಗೊತ್ತಿರೋರು ನಾಯಿ ತರ್ಬೇಕು ಅಂದಾಗೆಲ್ಲ ನಂಗೆ ಫೋನ್ ಮಾಡ್ತಾರೆ, ಎಲ್ಲರ ಮೊದಲನೇ ಪ್ರಶ್ನೆ ಯಾವ ಬ್ರೀಡ್ ಒಳ್ಳೇದು, ಎರಡನೇದು ಕೊಂಡ್ಕೊಳ್ಳೋದಾ ಅಡಾಪ್ಟ್ ಮಾಡೋದಾ. ನಾನು ತಿರುಗಿ ಕೇಳೋದು ಒಂದೇ: ಆ ನಾಯಿ ಜೊತೆ ಒಂದು ಮನೆಯೊಳಗೆ ಇದ್ದು ನೋಡಿರೋರು ಯಾರಾದ್ರೂ ಇದಾರಾ, ಅವ್ರು ನಿಮ್ಗೆ ಇದ್ದದ್ದು ಇದ್ದಂಗೆ ಹೇಳ್ತಾರಾ? ಈ ಪ್ರಶ್ನೆ ನಂಗೇ ಹೊಳೆಯೋಕೆ ಎರಡು ನಾಯಿ ಸಾಕಿ ನೋಡೋವಷ್ಟು ಕಾಲ ಬೇಕಾಯ್ತು.

ಗುಂಡನಿಂದ ಶುರು ಮಾಡ್ತೀನಿ. ಲ್ಯಾಬ್ರಡಾರ್ ಮರಿ, ಫೋಟೋ ನೋಡಿದ ತಕ್ಷಣ ಮನಸ್ಸು ಕರಗೋಯ್ತು, ಮಾರನೇ ದಿನಾನೇ ಹೋಗಿ ಎತ್ಕೊಂಡು ಬಂದ್ವಿ. ಆಗ ಅವನಿಗೆ 45 ದಿನ. ತಾಯಿ ಎಲ್ಲಿ ಅಂತ ನಮ್ಮನೆಯವ್ರು ಕೇಳಿದ್ರು, ಬೇರೆ ಕಡೆ ಇದೆ, ಹೊಸಬ್ರು ಬಂದ್ರೆ ಗಲಾಟೆ ಮಾಡುತ್ತೆ ಅಂದ್ರು, ನಾವು ಸುಮ್ನಾದ್ವಿ. ಒಂದು ಸರ್ಟಿಫಿಕೇಟ್ ಕೊಟ್ರು, ಅದನ್ನ ಫೈಲಲ್ಲಿ ಜೋಪಾನವಾಗಿ ಇಟ್ಟೆ. ಆ ಕಾಗದ ಹೇಳೋದು ಅಪ್ಪ ಯಾರು ಅಮ್ಮ ಯಾರು ಅಜ್ಜ ಯಾರು ಅಂತ ಅಷ್ಟೇ, ಅವ್ರ ಸೊಂಟ, ಮೊಣಕೈ, ಕಣ್ಣು ಚೆನ್ನಾಗಿದ್ವಾ ಅಂತ ಅದ್ರಲ್ಲಿ ಒಂದಕ್ಷರ ಇರ್ಲಿಲ್ಲ. ವಂಶದ ಕಾಗದ ಬೇರೆ, ಆರೋಗ್ಯದ ಕಾಗದ ಬೇರೆ ಅನ್ನೋದು ನಂಗೆ ಗೊತ್ತಾಗಿದ್ದು ಹತ್ತು ತಿಂಗಳಾದ ಮೇಲೆ, ಅವನು ಓಡುವಾಗ ಹಿಂದಿನ ಎರಡೂ ಕಾಲನ್ನ ಮೊಲದ ಥರ ಒಟ್ಟಿಗೆ ಎತ್ತಿ ಕುಪ್ಪಳಿಸೋಕೆ ಶುರು ಮಾಡಿದಾಗ, ಮೆಟ್ಲು ಹತ್ತೋಕೆ ಹಿಂದೇಟು ಹಾಕಿದಾಗ. ಎಕ್ಸ್‌ರೇ ತೆಗೆಸಿದ್ವಿ, ಎರಡೂ ಕಡೆ ಹಿಪ್ ಡಿಸ್ಪ್ಲೇಸಿಯಾ. ಸೊಂಟದ ಕೀಲಲ್ಲಿ ತೊಡೆ ಮೂಳೆಯ ಗುಂಡು ಬಟ್ಟಲಲ್ಲಿ ಸರಿಯಾಗಿ ಕೂರಲ್ಲ, ಸಡಿಲ ಇರುತ್ತೆ, ಉಜ್ಜಿ ಉಜ್ಜಿ ಸವೆಯುತ್ತೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ಈ ಥರದ ದೊಡ್ಡ ನಾಯಿಗಳಲ್ಲಿ ಇದು ಜಾಸ್ತಿ, ವಂಶದಿಂದ ಬರುತ್ತೆ, ಜೊತೆಗೆ ಮರಿಯಲ್ಲಿ ಜಾಸ್ತಿ ತಿನ್ಸಿ ಬೇಗ ದಪ್ಪ ಮಾಡಿದ್ರೆ ಇನ್ನೂ ಹೆಚ್ಚಾಗುತ್ತೆ. ಹಾಗೆ ಜಾಸ್ತಿ ತಿನ್ಸಿದ ತಪ್ಪು ನಾವೇ ಮಾಡಿದ್ದು.

ಗುಂಡ 11 ವರ್ಷ ಇದ್ದ. ತೂಕ ಹಿಡಿತದಲ್ಲಿಟ್ಟು, ನೋವಿನ ಮಾತ್ರೆ ಕೊಟ್ಟು, ನೀರಲ್ಲಿ ಈಜಾಡಿಸಿ ನೋಡ್ಕೊಂಡ್ವಿ. ಇಷ್ಟು ಪ್ರೀತಿಯ ನಾಯಿ ಇನ್ನೊಂದು ಸಿಗಲ್ಲ, ಆದ್ರೆ ಅವನ ಕೊನೇ ಮೂರು ವರ್ಷದಲ್ಲಿ ಪ್ರತಿ ಬೆಳಿಗ್ಗೆ ಅವನು ಎದ್ದು ನಿಲ್ಲೋಕೆ ಒದ್ದಾಡೋದನ್ನ ನೋಡಿರೋಳು ನಾನು, ಅದಕ್ಕೇ ಯಾರೇ ಬ್ರೀಡರ್ ಹತ್ರ ಹೋಗ್ತೀನಿ ಅಂದ್ರೂ ಕೈ ಹಿಡ್ಕೊಂಡು ಹೇಳ್ತೀನಿ, ತಂದೆ ತಾಯಿ ಇಬ್ಬರ ಸೊಂಟದ ರಿಪೋರ್ಟ್ ಕೇಳಿ. ಅಮೆರಿಕದಲ್ಲಿ ಎಕ್ಸ್‌ರೇ ನೋಡಿ ಸೊಂಟಕ್ಕೆ ಗ್ರೇಡ್ ಕೊಡೋ ಓಎಫ್ಎ ಅನ್ನೋ ಸಂಸ್ಥೆಯ ಪದ್ಧತೀಲಿ ನಾಯಿಗೆ 24 ತಿಂಗಳು ತುಂಬಿದ ಮೇಲೇನೇ ಫೈನಲ್ ಗ್ರೇಡ್ ಕೊಡೋದು, ಬ್ರಿಟನ್ನಿನ ಪದ್ಧತೀಲಿ ಒಂದೊಂದು ಕಡೆಗೆ 0ರಿಂದ 53, ಎರಡೂ ಸೇರಿ 106ರ ತನಕ ಅಂಕ, ಕಮ್ಮಿ ಇದ್ದಷ್ಟೂ ಒಳ್ಳೇದು. ರಿಪೋರ್ಟ್ ಚೆನ್ನಾಗಿದ್ರೆ ಮರಿಗೆ ಬರೋದೇ ಇಲ್ಲ ಅಂತಲ್ಲ, ಸಾಧ್ಯತೆ ಕಮ್ಮಿ ಆಗುತ್ತೆ. ತೋರ್ಸೋಕೆ ಆಗಲ್ಲ ಅಂದ್ರೆ ಅಥವಾ ತಾಯಿನ ತೋರ್ಸಲ್ಲ ಅಂದ್ರೆ ಮರಿ ಎಷ್ಟೇ ಮುದ್ದಾಗಿರ್ಲಿ ಎದ್ದು ಬನ್ನಿ.

45 ದಿನಕ್ಕೆ ತಂದಿದ್ದಕ್ಕೂ ಬೇರೆ ಬೆಲೆ ಕಟ್ಟಿದ್ವಿ. ಮರಿ ಕನಿಷ್ಠ 8 ವಾರ ತಾಯಿ ಮತ್ತೆ ಒಡಹುಟ್ಟಿದೋರ ಜೊತೆ ಇರ್ಬೇಕು, ಜೋರಾಗಿ ಕಚ್ಚಿದ್ರೆ ಆಟ ನಿಂತೋಗುತ್ತೆ ಅಂತ ಕಲಿಯೋದು ಅಲ್ಲೇ. ಗುಂಡ ಅದನ್ನ ಕಲಿಯೋ ಮೊದ್ಲೇ ಬಂದ, ಆರು ತಿಂಗಳು ನಮ್ಮೆಲ್ಲರ ಕೈ ಮೇಲೆ ಹಲ್ಲಿನ ಗೀರು. ಇನ್ನೊಂದು ವಿಷಯ, ಮರಿ ಜಗತ್ತಿಗೆ ಹೊಂದ್ಕೊಳ್ಳೋಕೆ ಕಲಿಯೋ ಮುಖ್ಯ ಕಾಲ ಅಂದ್ರೆ 3ನೇ ವಾರದಿಂದ 12-14ನೇ ವಾರ, ಸ್ಕಾಟ್ ಮತ್ತೆ ಫುಲ್ಲರ್ ಅನ್ನೋ ವಿಜ್ಞಾನಿಗಳು ವರ್ಷಗಟ್ಲೆ ಮರಿಗಳನ್ನ ಸಾಕಿ ಗಮನಿಸಿ 1965ರಲ್ಲೇ ಈ ಸೂಕ್ಷ್ಮ ಕಾಲದ ಬಗ್ಗೆ ಬರೆದಿದಾರೆ. ಲೆಕ್ಕ ಹಾಕಿ ನೋಡಿ, 8 ವಾರಕ್ಕೆ ಮನೆಗೆ ತಂದ್ರೂ ಹತ್ತತ್ರ ಅರ್ಧ ಕಾಲ ಬ್ರೀಡರ್ ಕೈಯಲ್ಲೇ ಕಳೆದಿರುತ್ತೆ. ಮರಿಯಿಂದ ಸಾಕಿದ್ರೆ ನಮ್ಮಿಷ್ಟದ ಹಾಗೆ ತಿದ್ಬೋದು ಅಂತ ಹೇಳ್ತಾರಲ್ಲ, ಆ ಮಾತು ಅರ್ಧ ನಿಜ ಅಷ್ಟೇ. ಮರಿ ಹಿತ್ಲಿನ ಶೆಡ್ಡಲ್ಲಿ ಬೆಳೀತಾ ಅಥವಾ ಜನ ಓಡಾಡೋ ಹಾಲಲ್ಲಿ ಬೆಳೀತಾ ಅನ್ನೋದು ಬಹಳ ಮುಖ್ಯ.

ಮಸಿ ಬಂದಿದ್ದು ಗುಂಡನಿಗೆ 7 ವರ್ಷ ಆದಾಗ, ಮಗಳಿಗೆ ಆಗ ಎರಡು ವರ್ಷ. ಶೆಲ್ಟರ್‌ನ ಗೂಡಿನ ಮೇಲೆ ಚೀಟಿ ಇತ್ತು: ಲ್ಯಾಬ್ ಮಿಕ್ಸ್ (ಲ್ಯಾಬ್ರಡಾರ್ ಬೆರಕೆ), ಸುಮಾರು 3 ವರ್ಷ, ಶಾಂತ ಸ್ವಭಾವ, ಮಕ್ಕಳ ಜೊತೆ ಓಕೆ. ಮೂಲೇಲಿ ಮುದುಡಿ ಕೂತಿದ್ಲು, ಅಕ್ಕಪಕ್ಕದ ನಾಯಿಗಳೆಲ್ಲ ಕಿತ್ತುಹೋಗೋ ಹಾಗೆ ಬೊಗಳ್ತಿದ್ರೂ ಇವಳು ಉಸಿರೆತ್ತಿಲ್ಲ, ನಾವಂದ್ಕೊಂಡ್ವಿ ಎಷ್ಟು ಸಮಾಧಾನದ ನಾಯಿ ಅಂತ. ಅದು ಸಮಾಧಾನ ಅಲ್ಲ, ಭಯದಲ್ಲಿ ಕಲ್ಲಾಗಿ ಕೂತಿದ್ದು. ಕಣ್ಣಿನ ಬಿಳಿ ಭಾಗ ಕಾಣೋ ಹಾಗೆ ಓರೆ ನೋಟ, ಕೊಟ್ಟ ತಿಂಡಿ ಮುಟ್ಟದೇ ಇರೋದು, ತುಟಿ ನೆಕ್ಕೋದು, ಬಾಲ ಹೊಟ್ಟೆ ಕೆಳಗೆ ಸಿಗಿಸ್ಕೊಳ್ಳೋದು, ಇವೆಲ್ಲ ನಮ್ ಕಣ್ಣೆದುರೇ ಇತ್ತು, ಓದೋಕೆ ಬರ್ತಿರ್ಲಿಲ್ಲ.

ರೆಸ್ಕ್ಯೂ ಜನ 3-3-3 ಅಂತ ಒಂದು ಲೆಕ್ಕ ಹೇಳ್ತಾರೆ, 3 ದಿನ ಗಾಬರಿ, 3 ವಾರಕ್ಕೆ ನಿಜವಾದ ಗುಣ ಹೊರಗೆ ಬರೋಕೆ ಶುರು, 3 ತಿಂಗಳಿಗೆ ಇದು ನನ್ನ ಮನೆ ಅನ್ಸೋದು. ಎಲ್ಲ ನಾಯಿಗೂ ಕರೆಕ್ಟಾಗಿ ಹಾಗೇ ಆಗಲ್ಲ ಆದ್ರೆ ಮಸಿ ವಿಷಯದಲ್ಲಿ ಹೆಚ್ಚೂಕಮ್ಮಿ ಹಾಗೇ ಆಯ್ತು. ಮೂರು ದಿನ ಎಲ್ರೂ ಮಲ್ಗಿದ ಮೇಲೆ ಮಾತ್ರ ತಿಂತಿದ್ಲು. ಮೂರನೇ ವಾರ ಒಂದಿನ ಮಗಳು ಅವಳ ತಟ್ಟೆ ಹತ್ರ ಹೋದ್ಲು, ಮಸಿ ಮೈಯೆಲ್ಲ ಸೆಟೆದು ಗುರ್ ಅಂದ್ಲು. ನನ್ನ ಜೀವ ಬಾಯಿಗೆ ಬಂತು. ಅವತ್ತು ರಾತ್ರಿ ವಾಪಸ್ ಬಿಟ್ಟು ಬರೋಣ ಅಂತ ನಾನೂ ನಮ್ಮನೆಯವ್ರೂ ಮಾತಾಡಿದ್ದು ನಿಜ. ಡಾಕ್ಟ್ರು ಒಬ್ಬ ಟ್ರೇನರ್ ಹತ್ರ ಕಳ್ಸಿದ್ರು, ಅವ್ರು ಹೇಳಿದ ಮೊದಲ ಮಾತು ಗುರ್ ಅಂದಿದ್ದಕ್ಕೆ ಬೈಬೇಡಿ, ಅದು ಎಚ್ಚರಿಕೆ, ಎಚ್ಚರಿಕೆ ಕೊಡೋದನ್ನ ಬಿಡಿಸಿದ್ರೆ ನಾಯಿ ಮುಂದಿನ ಸಲ ಸದ್ದೇ ಮಾಡ್ದೆ ಕಚ್ಚುತ್ತೆ. ಮಗು ಹೋಗೋಕಾಗದ ಕಡೆ ಗೇಟ್ ಹಾಕಿ ಊಟ ಕೊಡ್ಬೇಕು, ತಟ್ಟೆ ಕಿತ್ಕೊಳ್ಳೋದು ಬೇಡ, ದೂರದಿಂದ ಹಾದು ಹೋಗ್ತಾ ಅದಕ್ಕಿಂತ ರುಚಿಯಾಗಿರೋದೇನಾದ್ರೂ ಎಸೀಬೇಕು, ದಿನಾ ಸ್ವಲ್ಪ ಸ್ವಲ್ಪ ಹತ್ರ. ನಾಲ್ಕು ತಿಂಗಳು ಹಿಡೀತು. ಈಗ ಮಸಿಗೆ 11, ಮೂರರಲ್ಲಿ ನಾನು ಅತೀ ಹೆಚ್ಚು ನಂಬೋದು ಇವಳನ್ನೇ, ಆದ್ರೂ ಗೇಟ್ ಹಾಕಿ ಊಟ ಕೊಡೋ ಅಭ್ಯಾಸ ಬಿಟ್ಟಿಲ್ಲ.

ಶೆಲ್ಟರ್‌ನವ್ರು ಸುಳ್ಳು ಹೇಳಿದ್ರಾ ಅಂದ್ರೆ ಇಲ್ಲ. ಅಷ್ಟೊಂದು ನಾಯಿ, ಬೆರಳೆಣಿಕೆಯ ಜನ, ಗೂಡಲ್ಲಿ ಕಂಡಿದ್ದನ್ನ ಬರ್ದಿದಾರೆ, ಅವಳು ಮನೇಲಿ ಹೇಗಿರ್ತಾಳೆ ಅಂತ ಅವ್ರಿಗೂ ಗೊತ್ತಿರ್ಲಿಲ್ಲ. ಬ್ರೀಡ್ ಹೆಸರೂ ಅಷ್ಟೆ, ಕಣ್ಣಳತೆ. ನೋಡಿ ಹೇಳಿದ ಬ್ರೀಡನ್ನ 2009ರಲ್ಲಿ ಸಂಶೋಧಕರು ಡಿಎನ್ಎ ಟೆಸ್ಟ್ ಜೊತೆ ಹೋಲ್ಸಿ ನೋಡಿದಾಗ ಹೆಚ್ಚಿನವು ತಾಳೆ ಆಗ್ಲಿಲ್ಲ. ಇನ್ನು ಬ್ರೀಡಿಂದ ಸ್ವಭಾವ ಹೇಳ್ಬೋದಾ ಅನ್ನೋದಕ್ಕೆ 2022ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ದೊಡ್ಡ ಅಧ್ಯಯನ ಇದೆ, 18 ಸಾವಿರಕ್ಕೂ ಜಾಸ್ತಿ ನಾಯಿಗಳ ಮಾಹಿತಿ, ಒಂದೊಂದು ನಾಯಿಯ ನಡವಳಿಕೆಯ ವ್ಯತ್ಯಾಸದಲ್ಲಿ ಬ್ರೀಡ್ ವಿವರಿಸೋದು ಸುಮಾರು 9% ಅಷ್ಟೇ ಅಂತ ಬಂತು. ಹಾಗಂತ ಬ್ರೀಡ್ ಏನೂ ಅಲ್ಲ ಅಂತ ನಾನು ಹೇಳಲ್ಲ, ಗಾತ್ರ, ಕೂದ್ಲು, ಯಾವ ಕಾಯಿಲೆ ಬರ್ಬೋದು ಇವೆಲ್ಲ ಬ್ರೀಡಿಂದ ತುಂಬಾನೇ ಗೊತ್ತಾಗುತ್ತೆ, ಪಗ್ ಬುಲ್‌ಡಾಗ್ ಥರ ಚಪ್ಪಟೆ ಮೂತಿ ನಾಯಿ ತಂದ್ರೆ ಉಸಿರಾಟದ ತೊಂದರೆಗೆ ತಯಾರಾಗಿರ್ಬೇಕು. ಮಗು ಜೊತೆ ಹೇಗಿರುತ್ತೆ ಅನ್ನೋದಕ್ಕೆ ಮಾತ್ರ ಹೆಸರು ನಂಬ್ಕೊಂಡು ಕೂರ್ಬೇಡಿ.

ಶೆಲ್ಟರ್‌ಗೆ ಹೋಗೋರಿಗೆ ನಾನು ಕಲ್ತಿದ್ದು ಹೇಳ್ತೀನಿ, ಆಫೀಸಲ್ಲಿ ಕೂತಿರೋರನ್ನ ಬಿಟ್ಟು ದಿನಾ ಗೂಡು ತೊಳೆದು ಊಟ ಹಾಕೋರನ್ನ ಮಾತಾಡ್ಸಿ. ಯಾವ್ದು ತಟ್ಟೆ ಹತ್ರ ಬಿಟ್ಕೊಳ್ಳಲ್ಲ, ಯಾವ್ದು ಗಂಡಸ್ರನ್ನ ಕಂಡ್ರೆ ಹೆದರುತ್ತೆ ಅನ್ನೋದು ಅವ್ರಿಗೆ ಗೊತ್ತಿರುತ್ತೆ. ಒಂದೇ ಸಲ ನೋಡಿ ತರ್ಬೇಡಿ, ಬೇರೆ ಬೇರೆ ಹೊತ್ತಲ್ಲಿ ಮೂರ್ನಾಲ್ಕು ಸಲ ಹೋಗಿ, ಬೆಲ್ಟ್ ಹಾಕಿ ಗದ್ದಲದಿಂದ ದೂರ ಕರ್ಕೊಂಡು ಹೋಗಿ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ. ಮನೇಲಿ ಇನ್ನೊಂದು ನಾಯಿ ಇದ್ರೆ ಎರಡನ್ನೂ ಹೊರಗಡೆ ಅಕ್ಕಪಕ್ಕ ನಡೆಸಿ ಭೇಟಿ ಮಾಡ್ಸಿ, ಮನೆಯೊಳಗೆ ಎದುರುಬದುರು ಬೇಡ. ಇನ್ನು ಮರಿ ತರೋದಾದ್ರೆ ಪಾರ್ವೋ ಅನ್ನೋ ವೈರಸ್ ಕಾಯಿಲೆ ನೆನಪಿರ್ಲಿ, ಸೋಂಕು ತಗುಲಿ ಲಕ್ಷಣ ಕಾಣೋಕೆ ಸಾಮಾನ್ಯವಾಗಿ 3ರಿಂದ 7 ದಿನ, ಅಂದ್ರೆ ತಂದ ದಿನ ಚೆನ್ನಾಗೇ ಇದ್ದ ಮರಿ ವಾರದೊಳಗೆ ವಾಂತಿ ಭೇದಿ ಶುರು ಮಾಡ್ಬೋದು. ಇದು ಬ್ರೀಡರ್ ಮರಿಗೂ ಆಗುತ್ತೆ. ಲಸಿಕೆ 6-8 ವಾರಕ್ಕೆ ಶುರುವಾಗಿ 16 ವಾರದ ತನಕ ಕೆಲವು ವಾರಕ್ಕೊಮ್ಮೆ ಮುಂದುವರೀಬೇಕು, ಒಂದು ಇಂಜೆಕ್ಷನ್ ಆಗಿದೆ ಅಂದ ಮಾತ್ರಕ್ಕೆ ಮುಗೀಲಿಲ್ಲ.

ಭೀಮನ ಕಥೆ ಎರಡು ವರ್ಷದ್ದು. ಗುಂಡ ಹೋದ್ಮೇಲೆ ಇನ್ನೊಂದು ನಾಯಿ ಬೇಕು ಅಂತ ಮಗಳ ಹಠ, ಅತ್ತೆಗೆ ಮಂಡಿ ನೋವು, ಮೇಲೆ ಹಾರೋ ಮರಿ ತಂದ್ರೆ ಅವ್ರು ಬಿದ್ದೇ ಬೀಳ್ತಾರೆ. ಮೊದ್ಲು ಒಬ್ಬ ಬ್ರೀಡರ್ ಮನೆಗೇ ಹೋದ್ವಿ, ಇದನ್ನ ಬರೀಲೇಬೇಕು ಯಾಕಂದ್ರೆ ಗುಂಡನ ಅನುಭವದಿಂದ ಎಲ್ಲ ಬ್ರೀಡರೂ ಒಂದೇ ಅಂತ ನಾನು ಅಂದ್ಕೊಂಡಿದ್ದೆ. ಇವ್ರ ಮನೇಲಿ ತಾಯಿ ನಾಯಿ ಸೋಫಾ ಪಕ್ಕ ಮಲಗಿತ್ತು, ಎದ್ದು ಬಂದು ನಮ್ಮನ್ನ ಮೂಸಿ ಅತ್ತೆ ಕಾಲ ಹತ್ರ ಕೂತ್ಕೊಂಡ್ತು. ಕೇಳೋ ಮೊದ್ಲೇ ಎರಡೂ ನಾಯಿಯ ಸೊಂಟದ ರಿಪೋರ್ಟು, ಕಣ್ಣಿನ ಡಿಎನ್ಎ ಟೆಸ್ಟು ಮುಂದಿಟ್ರು. ಅವ್ರೇ ನಮ್ಮನ್ನ ಒಂದು ಗಂಟೆ ವಿಚಾರಿಸಿದ್ರು, ಹಗಲು ಮನೇಲಿ ಯಾರಿರ್ತಾರೆ, ರಜಕ್ಕೆ ಹೋದ್ರೆ ನಾಯಿ ಎಲ್ಲಿ ಅಂತ. ಯಾವ ವಯಸ್ಸಲ್ಲಾದ್ರೂ ಸಾಕೋಕೆ ಆಗ್ಲಿಲ್ಲ ಅಂದ್ರೆ ನನಗೇ ವಾಪಸ್ ಕೊಡ್ಬೇಕು ಅಂತ ಬರೆಸ್ಕೋತಾರೆ. ಈಗ ಮರಿ ಇಲ್ಲ, ಎಂಟು ತಿಂಗಳು ಕಾಯ್ಬೇಕು ಅಂದ್ರು, ಅದಲ್ದೆ ಅತ್ತೆ ನಡಿಯೋದನ್ನ ನೋಡಿ ನಿಮ್ಗೆ ಮರಿಗಿಂತ ಬೆಳೆದ ನಾಯಿ ವಾಸಿ ಅಂತ ಅವ್ರ ಬಾಯಲ್ಲೇ ಬಂತು. ಒಂದು ಮರಿ ಮಾರಾಟ ಕೈ ಬಿಟ್ರೂ ಪರ್ವಾಗಿಲ್ಲ ಅಂತ ಹೀಗೆ ಹೇಳೋರ ಮೇಲೆ ನಂಗೆ ತುಂಬಾ ಗೌರವ ಬಂತು.

ಆಮೇಲೆ ರೆಸ್ಕ್ಯೂ. ಉದ್ದದ ಫಾರ್ಮು, ಫೋನಲ್ಲಿ ಮಾತು, ಮನೆಗೆ ಬಂದು ಕಾಂಪೌಂಡು ಗೇಟು ನೋಡೋದು, ಮೂರು ತಿಂಗಳು. ನಾವು ಇಷ್ಟಪಟ್ಟ ಮೊದಲ ನಾಯಿನ ಕೊಡಲ್ಲ ಅಂದ್ಬಿಟ್ರು, ಮಕ್ಕಳ ಓಡಾಟ ಅದಕ್ಕೆ ಆಗಲ್ಲ ಅಂತ. ಸಿಟ್ಟು ಬಂತು, ಅತ್ತೆ ಮಾತ್ರ ಬೇಡ ಅನ್ನೋರು ಇದ್ದಾಗ ಬೇಕು ಅನ್ನೋದನ್ನೂ ನಂಬ್ಬೋದು ಅಂದ್ರು. ಅವ್ರು ಹೇಳಿದ್ದೇ ಸರಿ ಆಯ್ತು. ಭೀಮ ಐದು ತಿಂಗಳು ಒಬ್ಬ ಅಕ್ಕನ ಮನೇಲಿದ್ದ, ಅವ್ರ ಮನೇಲಿ ಎರಡು ಮಕ್ಕಳು. ಆ ಅಕ್ಕ ಎರಡು ಪುಟ ಕೈಯಲ್ಲಿ ಬರೆದು ಕೊಟ್ರು: ಯಾರಾದ್ರೂ ಪೊರಕೆ ಎತ್ತಿದ್ರೆ ಮಂಚದ ಕೆಳಗೆ ಹೋಗ್ತಾನೆ, ಗುಡುಗು ಬಂದ್ರೆ ನಡುಗ್ತಾನೆ, ಹೆಲ್ಮೆಟ್ ಹಾಕಿರೋರನ್ನ ಕಂಡ್ರೆ ಬೊಗಳ್ತಾನೆ, ಬೆಕ್ಕಿನ ಹಿಂದೆ ಓಡ್ತಾನೆ, ತಟ್ಟೆಗೆ ಕೈ ಹಾಕಿದ್ರೂ ಏನೂ ಮಾಡಲ್ಲ, ಯಾರ ಮೇಲೂ ಹಾರಲ್ಲ, ಒಬ್ಬನೇ ನಾಲ್ಕು ಗಂಟೆ ಇರ್ತಾನೆ, ಐದನೇ ಗಂಟೆಗೆ ಅಳ್ತಾನೆ. ಬೇರೆ ಯಾವ ಸರ್ಟಿಫಿಕೇಟಿಗಿಂತ ಆ ಎರಡು ಪುಟಕ್ಕೆ ನಾನು ಬೆಲೆ ಕೊಡ್ತೀನಿ. 15 ದಿನ ಟ್ರಯಲ್ ಅಂತ ಕಳ್ಸಿದ್ರು, ಪ್ರತಿಯೊಂದು ಸಾಲೂ ನಿಜ ಆಯ್ತು, ಐದನೇ ಗಂಟೆ ಅಳುನೂ ಸೇರಿ.

ಎಲ್ಲ ರೆಸ್ಕ್ಯೂನೂ ಹೀಗಿರಲ್ಲ. ಇದಕ್ಕೂ ಮುಂಚೆ ಇನ್ನೊಂದು ಗುಂಪಿನವ್ರು ನಾಳೆಯೊಳಗೆ ಯಾರೂ ಬರ್ಲಿಲ್ಲ ಅಂದ್ರೆ ಇದರ ಕಥೆ ಮುಗೀತು ಅಂತ ಫೋಟೋ ಕಳ್ಸಿದ್ರು, ವಯಸ್ಸು, ಲಸಿಕೆ, ಯಾವ್ದಾದ್ರೂ ಮನೇಲಿ ಇತ್ತಾ ಅಂತ ಕೇಳಿದ್ರೆ ಉತ್ತರ ಇಲ್ಲ, ಕೇಳೋರಿಗೆ ಕರುಣೆ ಇಲ್ಲ ಅನ್ನೋ ಧಾಟಿ. ಚಿಕ್ಕ ಮಕ್ಕಳಿರೋ ಮನೆ ಅಂದ್ಮೇಲೆ ಆ ಒತ್ತಡಕ್ಕೆ ಬೀಳ್ಬಾರ್ದು, ಸಂಕಟ ಆದ್ರೂ ಇಲ್ಲ ಅನ್ಬೇಕು.

ಹಾಗಾಗಿ ನಂಗೆ ಪಕ್ಕಪಕ್ಕ ಇಟ್ಟು ನೋಡಿದ್ರೆ, ಮನೇಲಿ ಚಿಕ್ಕ ಮಗು ಅಥವಾ ವಯಸ್ಸಾದೋರು ಇದ್ರೆ ಫಾಸ್ಟರ್ ಮನೇಲಿ ಇದ್ದ ಬೆಳೆದ ನಾಯಿಗೇ ನನ್ನ ಓಟು. ಮರಿನೇ ಬೇಕು, ಕಾಯೋ ತಾಳ್ಮೆ ಇದೆ, ಒಂದು ವರ್ಷ ನಿದ್ದೆ ಕೆಡೋಕೆ ರೆಡಿ ಅನ್ನೋರಿಗೆ ರಿಪೋರ್ಟ್ ತೋರ್ಸೋ, ವಾಪಸ್ ತಗೊಳ್ಳೋ ಬ್ರೀಡರ್. ಶೆಲ್ಟರ್ ನಾಯಿ ನಾನು ಇನ್ನೊಂದು ತರ್ತೀನಾ ಅಂದ್ರೆ ಖಂಡಿತ, ಆದ್ರೆ ಮನೇಲಿ ಎರಡು ವರ್ಷದ ಮಗು ಇಟ್ಕೊಂಡು ಮಾತ್ರ ಮತ್ತೆ ತರಲ್ಲ. ಖರ್ಚಿನ ಬಗ್ಗೆ ಕೇಳೋರಿಗೆ, ತರುವಾಗ ಕೊಡೋ ದುಡ್ಡು ಲೆಕ್ಕಕ್ಕೇ ಇಲ್ಲ, ಗುಂಡನ ಸೊಂಟಕ್ಕೆ ಆಗಿದ್ದು ಅದರ ಎಷ್ಟೋ ಪಟ್ಟು.

ಮೊನ್ನೆ ಭೀಮನ್ನ ಇಟ್ಕೊಂಡಿದ್ದ ಆ ಅಕ್ಕ ಫೋನ್ ಮಾಡಿದ್ರು, ಅವ್ರ ಹತ್ರ ಈಗ 8 ವರ್ಷದ ಒಂದು ಹೆಣ್ಣು ನಾಯಿ ಇದೆಯಂತೆ, ವಯಸ್ಸಾಗಿದೆ ಅಂತ ಯಾರೂ ನೋಡೋಕೂ ಬರ್ತಿಲ್ಲ, ಒಂದು ಕಿವಿ ಸರಿಯಾಗಿ ಕೇಳ್ಸಲ್ಲ, ಹಿಂದಿಂದ ಮುಟ್ಟಿದ್ರೆ ಬೆಚ್ಚಿ ತಿರುಗ್ತಾಳೆ, ಅದನ್ನ ಮೊದ್ಲೇ ಹೇಳಿದ್ರು. ಮಗಳಿಗೆ ಈಗ 10, ಎದುರಿಗೆ ಬಂದು ಕೈ ತೋರ್ಸಿ ಆಮೇಲೆ ಮುಟ್ಬೇಕು ಅಂತ ಹೇಳ್ಕೊಟ್ಟಿದೀನಿ. ಭಾನುವಾರ ಮಸಿ ಭೀಮ ಇಬ್ಬರನ್ನೂ ಕರ್ಕೊಂಡು ಅವ್ರ ಮನೆ ಹತ್ರ ವಾಕಿಂಗ್ ಹೋಗ್ತೀವಿ.